ಕಾಸು ಕೊಟ್ಟು ಬಿಟ್ಟುಬಂದ ಮೀನು

ಬಸವಕಲ್ಯಾಣದಿಂದ ಸಮುದ್ರ ನೋಡಲು ಹೊರಟವರು ಯಾವ ದಿಕ್ಕಿಗೆ ಹೋದರೂ ನಾನೂರು ಕಿಲೋಮೀಟರಿಗೂ ಹೆಚ್ಚು ದಾರಿ ಸವೆಸಬೇಕು. ಆದರೂ ಈ ಊರಲ್ಲೇ ಕೂತು ಒಬ್ಬ ಅರಸ ಮೀನಿನ ಮೇಲೆ ಒಂದು ಪ್ರಕರಣವನ್ನೇ ಬರೆದ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಆನೆ, ಕುದುರೆ, ಅಡುಗೆ, ಸಂಗೀತ, ಕುಸ್ತಿಗಳ ಜೊತೆಗೆ ‘ಮತ್ಸ್ಯವಿನೋದ’ವೂ ಇದೆ. ಮೂವತ್ತೈದರಷ್ಟು ಬಗೆಯ ಮೀನುಗಳು ಅದರಲ್ಲಿ ಬರುತ್ತವೆ. ಸಮುದ್ರದವು ಯಾವುವು, ಸಿಹಿನೀರಿನವು ಯಾವುವು, ಹುರುಪೆ ಇರುವವು ಯಾವುವು, ಬರೀ ಚರ್ಮದವು ಯಾವುವು ಎಂದು ಅರಸ ವಿಂಗಡಿಸಿ ಇಟ್ಟಿದ್ದಾನೆ. ಯಾವ ಮೀನಿಗೆ ಯಾವ ಮೇವು ಹಾಕಿ ಹತ್ತಿರ ಕರೆಯಬೇಕು ಎಂಬುದನ್ನೂ ಹೇಳಿದ್ದಾನೆ. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ವಿಜ್ಞಾನಿಗಳ ಗಮನಕ್ಕೆ ತಂದರು.

ಹುರುಪೆ ಇರುವುದು, ಇಲ್ಲದ್ದು ಎಂಬ ಆ ವಿಂಗಡಣೆ ಒಂಬೈನೂರು ವರ್ಷದ ಮೇಲೆ ದುಡ್ಡಿನ ಲೆಕ್ಕಕ್ಕೆ ಬಂದು ನಿಂತಿದೆ. ಹುರುಪೆಯಲ್ಲಿ ಕೊಲಾಜೆನ್ ಎಂಬ ಪ್ರೋಟೀನ್ ಇದೆ, ಚರ್ಮದಲ್ಲೂ ಇದೆ. ಗಾಳಿಚೀಲಕ್ಕೆ, ಸಿಗಡಿಯ ಸಿಪ್ಪೆಗೆ, ಕರುಳಿಗೆ, ಎಲುಬಿಗೆ ಒಂದೊಂದು ಮಾರುಕಟ್ಟೆ ಹುಟ್ಟಿಕೊಂಡಿದೆ. ಆ ಮಾರುಕಟ್ಟೆಯ ಗಾಳಿ ಬಸವಕಲ್ಯಾಣ, ಹುಮನಾಬಾದ್ ಕಡೆಗೆ ಮಾತ್ರ ಇನ್ನೂ ಬೀಸಿಲ್ಲ.

ಇಲ್ಲಿ ಮೀನು ತಿನ್ನುವವರು ಕಡಿಮೆ ಇಲ್ಲ. ಕಾರಂಜಾ ಜಲಾಶಯದ ಮೀನು ಇದೆ, ಚುಳಕಿನಾಲಾದ್ದು ಇದೆ, ಕೆರೆಗಳದ್ದಿದೆ. ಅದು ಸಾಲದಿದ್ದಾಗ ಐಸ್ ತುಂಬಿದ ಥರ್ಮಾಕೋಲ್ ಡಬ್ಬಿಯಲ್ಲಿ ಆಂಧ್ರದ ಕೊಳದ ಮೀನು ಬಂದಿಳಿಯುತ್ತದೆ. ರೋಹು, ಕಾಟ್ಲಾ, ಮೃಗಾಲ್ ಈ ಮೂರೇ ಹೆಚ್ಚು. ಒಣ ಸಿಗಡಿ ಸಂತೆಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಒಮ್ಮೆ ಸುಮ್ಮನೆ ನಿಂತು ನೋಡಿ. ಮೀನನ್ನು ಇಡಿಯಾಗಿ ತಕ್ಕಡಿಗೆ ಹಾಕುತ್ತಾನೆ, ರೇಟು ಹೇಳುತ್ತಾನೆ, ಗಿರಾಕಿ ಒಪ್ಪುತ್ತಾನೆ. ಆಮೇಲೆ ಬಾಲದಿಂದ ತಲೆಯ ಕಡೆಗೆ ಕತ್ತಿಯ ಬೆನ್ನಿನಿಂದ ಕೆರೆದರೆ ಹುರುಪೆ ಪಟಪಟ ಹಾರಿ ಮುಂಗೈಗೆ, ಮುಂದೆ ನಿಂತವರ ಅಂಗಿಗೆ ಅಂಟುತ್ತದೆ. ಕಿವಿರು ಕಿತ್ತು, ಹೊಟ್ಟೆ ಸೀಳಿ, ಬೆರಳು ಒಳಗೆ ಹಾಕಿ ಒಂದೇ ಎಳೆತಕ್ಕೆ ಕರುಳು, ಪಿತ್ತ, ಬೆಳ್ಳಗಿನ ಗಾಳಿಚೀಲ ಎಲ್ಲವನ್ನೂ ಹೊರಗೆ ತೆಗೆಯುತ್ತಾನೆ. ಪಿತ್ತದ ಚೀಲ ಒಡೆಯದಂತೆ ನೋಡಿಕೊಳ್ಳುವುದರಲ್ಲಿ ಅವನ ಕಸುಬು ಇದೆ. ಒಡೆದರೆ ಮೀನು ಕಹಿ. ಎಲ್ಲವೂ ಪಕ್ಕದ ಬಕೆಟ್ಟಿಗೆ. ತಲೆ ಬೇಕೆಂದವರಿಗೆ ತಲೆ, ಬೇಡವೆಂದರೆ ಅದೂ ಬಕೆಟ್ಟಿಗೇ. ತಲೆ ಬಿಟ್ಟುಹೋಗುವವರ ಲೆಕ್ಕದಲ್ಲಿ ಕಾಟ್ಲಾದ ಅರ್ಧ ತೂಕದ ಹತ್ತಿರ ಹತ್ತಿರ ಅಂಗಡಿಯಲ್ಲೇ ಉಳಿಯುತ್ತದೆ.

ಬಕೆಟ್ಟಿನಲ್ಲಿರುವ ಆ ಮಾಲಿಗೆ ಗಿರಾಕಿ ಆಗಲೇ ದುಡ್ಡು ಕೊಟ್ಟಾಗಿದೆ. ಕೊಟ್ಟು ಬಿಟ್ಟುಹೋಗಿದ್ದಾನೆ. ಕತ್ತರಿಸಿದವನಿಗೂ ಅದು ಬೇಡ. ಸಂಜೆ ಹೊತ್ತಿಗೆ ಅದು ಚರಂಡಿಗೋ, ನಗರಸಭೆಯ ಗಾಡಿಗೋ, ನಾಯಿಗಳಿಗೋ ಸೇರುತ್ತದೆ. ಒಬ್ಬರು ಕೊಂಡು ಇನ್ನೊಬ್ಬರು ಎಸೆಯುವ ಸರಕು ಎಂದರೆ ಇದೇ ಇರಬೇಕು.

ಕರಾವಳಿಯಲ್ಲಿ ಈ ಬಕೆಟ್ಟಿನ ಕಥೆ ನೂರು ವರ್ಷಕ್ಕೂ ಹಳೆಯದು. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. 1907ರಲ್ಲಿ ಶುರುವಾದ ಪ್ರಾಂತ್ಯದ ಮೀನುಗಾರಿಕೆ ವಿಭಾಗವನ್ನು ಕಟ್ಟಿದ ಫ್ರೆಡ್ರಿಕ್ ನಿಕಲ್ಸನ್‌ಗೆ ಭೂತಾಯಿ ಮೀನಿನ ಮೇಲೆ ಕಣ್ಣಿತ್ತು. ಸುಗ್ಗಿಯಲ್ಲಿ ಅದು ದಡದ ಮೇಲೆ ರಾಶಿ ಬೀಳುತ್ತಿತ್ತು, ತಿಂದು ಮುಗಿಯುತ್ತಿರಲಿಲ್ಲ, ಮರಳಿನ ಮೇಲೆ ಒಣಗಿಸಿ ಗೊಬ್ಬರವೆಂದು ಮಾರುತ್ತಿದ್ದರು. ಮೀನನ್ನು ನೀರಲ್ಲಿ ಬೇಯಿಸಿ, ಒತ್ತಿ ಎಣ್ಣೆ ತೆಗೆದು, ಉಳಿದ ಗಷ್ಟನ್ನು ಒಣಗಿಸಿದರೆ ಎರಡು ಮಾಲು ಸಿಗುತ್ತವೆ ಎಂದು ನಿಕಲ್ಸನ್ ತೋರಿಸಿಕೊಟ್ಟರು. ಮಲಬಾರ್, ದಕ್ಷಿಣ ಕನ್ನಡದ ಉದ್ದಕ್ಕೂ ಸಣ್ಣ ಸಣ್ಣ ಎಣ್ಣೆ ಕಾರ್ಖಾನೆಗಳು ಎದ್ದವು. ಎಣ್ಣೆ ಚರ್ಮ ಹದ ಮಾಡುವವರಿಗೆ, ದೋಣಿಯ ಮೈಗೆ. ಗೊಬ್ಬರ ಕಾಫಿ, ಚಹಾ ತೋಟಕ್ಕೆ. ಎರಡನೇ ಮಹಾಯುದ್ಧದಲ್ಲಿ ನಾರ್ವೆಯ ಕಾಡ್ ಮೀನಿನ ಎಣ್ಣೆ ಬರುವುದು ನಿಂತಾಗ ಮದ್ರಾಸ್ ಸರ್ಕಾರ ತಾಟೆ (ಶಾರ್ಕ್) ಮೀನಿನ ಪಿತ್ತಜನಕಾಂಗದಿಂದ ಎಣ್ಣೆ ತೆಗೆದು ಎ ಜೀವಸತ್ವದ ಕೊರತೆ ತುಂಬಿತು. ಬಿಸಾಡುವ ಅಂಗ ಔಷಧದಂಗಡಿಯ ಕಪಾಟಿಗೆ ಏರಿದ್ದು ಹೀಗೆ.

ಇವತ್ತಿನ ಕಾರ್ಖಾನೆ ದೊಡ್ಡದಾಗಿದೆ, ಕ್ರಮ ಹೆಚ್ಚು ಬದಲಾಗಿಲ್ಲ. ಉಳ್ಳಾಲದ ಕೋಟೆಪುರ, ಮುಕ್ಕ, ಉಡುಪಿ ಕಡೆಯ ಫಿಶ್‌ಮಿಲ್‌ಗಳಲ್ಲಿ ಮೀನು ಒಂದು ತುದಿಯಿಂದ ಒಳಗೆ ಹೋಗುತ್ತದೆ. ತೊಂಬತ್ತು ಡಿಗ್ರಿ ಮೇಲಿನ ಹಬೆಯಲ್ಲಿ ಬೇಯುತ್ತದೆ, ತಿರುಪು ಯಂತ್ರ ಅದನ್ನು ಹಿಂಡುತ್ತದೆ. ಇಳಿದ ರಸದಿಂದ ಎಣ್ಣೆ ಬೇರೆ, ನೀರು ಬೇರೆ. ಆ ನೀರಿನಲ್ಲಿ ಕರಗಿದ ಪ್ರೋಟೀನ್ ಇರುವುದರಿಂದ ಅದನ್ನು ಇಂಗಿಸಿ ಮತ್ತೆ ಗಷ್ಟಿಗೆ ಬೆರೆಸುತ್ತಾರೆ. ಒಣಗಿಸಿ ಬೀಸಿದರೆ ಕಂದು ಹುಡಿ. ನಾಲ್ಕೈದು ಕೆ.ಜಿ. ಹಸಿ ಮೀನಿಗೆ ಒಂದು ಕೆ.ಜಿ. ಹುಡಿ, ಅದರಲ್ಲಿ ನೂರಕ್ಕೆ ಅರವತ್ತಕ್ಕೂ ಮೇಲೆ ಪ್ರೋಟೀನ್. ಸಿಗಡಿ ಕೊಳಕ್ಕೆ, ಕೋಳಿ ಫಾರಂಗೆ, ಸಾಕಿದ ಮೀನಿಗೆ ಇದೇ ಮೇವಿನ ಜೀವಾಳ. ಎಣ್ಣೆಯೂ ಮೇವಿಗೆ ಹೋಗುತ್ತದೆ. ಶುದ್ಧ ಮಾಡಿದ್ದು ಒಮೆಗಾ-3 ಗುಳಿಗೆಯಾಗುತ್ತದೆ. ಮುಕ್ಕದಿಂದ ಹೊರಟ ಮುಕ್ಕ ಪ್ರೋಟೀನ್ಸ್ ಕಂಪನಿ 2024ರ ಮಾರ್ಚ್‌ನಲ್ಲಿ ಷೇರುಪೇಟೆಗೂ ಕಾಲಿಟ್ಟಿತು. ಮೀನಿನ ಹುಡಿಯಲ್ಲಿ ಮಾಡಿದ ದುಡ್ಡನ್ನು ಮೂಗು ಮುಚ್ಚಿಕೊಂಡು ನೋಡುವ ಕಾಲ ಮುಗಿಯಿತು ಎನ್ನಬಹುದು. ಕಾರ್ಖಾನೆಯ ನೆರೆಯವರು ಮಾತ್ರ ಈಗಲೂ ಮೂಗು ಮುಚ್ಚಿಕೊಳ್ಳಬೇಕಾಗಿದೆ. ಮೀನು ತಾಜಾ ಇದ್ದರೆ ಬೇಯಿಸುವಾಗ ವಾಸನೆ ಕಡಿಮೆ. ಐಸ್ ಇಲ್ಲದೆ ಒಂದು ದಿನ ಕಳೆದ ಮಾಲು ಬಂದರೆ ಊರಿಗೇ ಗೊತ್ತಾಗುತ್ತದೆ.

ಈ ಹುಡಿಯ ಜೊತೆಗೆ ಬೀದರ್ ಜಿಲ್ಲೆಗೆ ಒಂದು ನಂಟಿದೆ. ಇಲ್ಲಿನವರಿಗೇ ಅದು ಅಷ್ಟಾಗಿ ಕಾಣುವುದಿಲ್ಲ. ಬಸವಕಲ್ಯಾಣ, ಹುಮನಾಬಾದ್, ಭಾಲ್ಕಿ ತಾಲ್ಲೂಕುಗಳ ಮುಂಗಾರಿನ ಹೊಲದಲ್ಲಿ ತೊಗರಿಯ ಪಕ್ಕ ಸೋಯಾ ನಿಂತಿರುತ್ತದೆ. ಲಾತೂರು, ಉದಗೀರದ ಪೇಟೆಗೂ ಹೋಗುವ ಆ ಸೋಯಾದಿಂದ ಎಣ್ಣೆ ತೆಗೆದ ಮೇಲೆ ಹಿಂಡಿ ಉಳಿಯುತ್ತದೆ. ಅದೂ ಮೇವೇ. ಮೀನಿನ ಹುಡಿ ದುಬಾರಿಯಾದಾಗ ಮೇವಿನ ಕಾರ್ಖಾನೆಯವರು ಹುಡಿ ಇಳಿಸಿ ಸೋಯಾ ಹಿಂಡಿ ಏರಿಸುತ್ತಾರೆ. ಮೀನಿನಲ್ಲಿರುವ ಮೆಥಿಯೋನೈನ್ ಎಂಬ ಅಮೈನೋ ಆಮ್ಲ ಸೋಯಾದಲ್ಲಿ ಸಾಲದು, ಹಾಗಾಗಿ ಪೂರ್ತಿ ಬಿಡಲಾಗದು. ಹುಮನಾಬಾದ್ ಮೇಲೆ ಹಾದುಹೋಗುವ ಪುಣೆ–ಹೈದರಾಬಾದ್ ಹೆದ್ದಾರಿ, ಈಗಿನ ರಾಷ್ಟ್ರೀಯ ಹೆದ್ದಾರಿ 65, ಮುಂದೆ ವಿಜಯವಾಡ ದಾಟಿ ಮಚಲೀಪಟ್ಣದಲ್ಲಿ ಬಂಗಾಳ ಕೊಲ್ಲಿಗೆ ಮುಟ್ಟಿ ಮುಗಿಯುತ್ತದೆ. ಅದರ ಕೊನೆಯ ಭಾಗದ ಎರಡೂ ಕಡೆ ಸಿಗಡಿ ಕೊಳಗಳ ಸೀಮೆ. ನಮ್ಮ ಹೊಲದ ಸೋಯಾ, ಮಂಗಳೂರಿನ ಮೀನು ಒಂದೇ ಚೀಲದ ಮೇವಾಗಿ ಅಲ್ಲಿನ ಸಿಗಡಿಯ ಹೊಟ್ಟೆ ಸೇರುವುದು ಅಪರೂಪವೇನಲ್ಲ.

ಆ ಸಿಗಡಿ ಬೆಳೆದು ಕಾರ್ಖಾನೆಗೆ ಬಂದಾಗ ಇನ್ನೊಂದು ಬಕೆಟ್ ತುಂಬುತ್ತದೆ. ತಲೆ, ಸಿಪ್ಪೆ ತೆಗೆದರೆ ತೂಕದಲ್ಲಿ ನಲವತ್ತು ಭಾಗಕ್ಕೂ ಹೆಚ್ಚು ಹೊರಗೆ. 2023–24ರಲ್ಲಿ ಭಾರತ ರಫ್ತು ಮಾಡಿದ ಶೀತಲೀಕೃತ ಸಿಗಡಿಯೇ 7 ಲಕ್ಷ ಟನ್ ಮೀರಿತ್ತು ಎಂದ ಮೇಲೆ, ಹಿಂದೆ ಉಳಿದ ಸಿಪ್ಪೆಯ ಗುಡ್ಡ ಎಷ್ಟೆಂದು ಊಹಿಸಬಹುದು.

ಆ ಸಿಪ್ಪೆಯನ್ನು ಗಟ್ಟಿಯಾಗಿಟ್ಟಿರುವುದು ಕೈಟಿನ್. ಜಗತ್ತಿನಲ್ಲಿ ಸೆಲ್ಯುಲೋಸ್ ಬಿಟ್ಟರೆ ಅತಿ ಹೆಚ್ಚು ಸಿಗುವ ಜೈವಿಕ ಪಾಲಿಮರ್ ಇದು. ಫ್ರಾನ್ಸಿನ ಹೆನ್ರಿ ಬ್ರಾಕೊನೊ 1811ರಲ್ಲಿ ಇದನ್ನು ಮೊದಲು ಕಂಡದ್ದು ಸಿಗಡಿಯಲ್ಲಿ ಅಲ್ಲ, ಅಣಬೆಯಲ್ಲಿ. ಸಿಪ್ಪೆಯನ್ನು ತೆಳು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಇಟ್ಟರೆ ಸುಣ್ಣದಂಶ ನೊರೆಯಾಗಿ ಹೋಗುತ್ತದೆ. ಕಾಸ್ಟಿಕ್ ಸೋಡಾದಲ್ಲಿ ಕಾಯಿಸಿದರೆ ಪ್ರೋಟೀನ್ ಬಿಡುತ್ತದೆ. ಉಳಿದ ಬಿಳಿ ಚೂರು ಕೈಟಿನ್. ಅದನ್ನು ಇನ್ನೂ ಕಡುಗಟ್ಟಿ ಕಾಸ್ಟಿಕ್‌ನಲ್ಲಿ ಬೇಯಿಸಿದರೆ ಕೈಟೋಸಾನ್. ಕೈಟೋಸಾನ್ ಮೇಲೆ ಧನ ವಿದ್ಯುದಾವೇಶ ಇರುತ್ತದೆ, ರಕ್ತಕಣಗಳ ಮೇಲೆ ಋಣ. ಎರಡೂ ಅಂಟಿಕೊಂಡು ಗಾಯದ ಬಾಯಿ ಮುಚ್ಚುತ್ತವೆ. ಇರಾಕ್, ಅಫ್ಗಾನಿಸ್ತಾನದಲ್ಲಿ ಅಮೆರಿಕದ ಸೈನಿಕರ ಕಿಟ್‌ನಲ್ಲಿ ಇದ್ದ ಹೆಮ್‌ಕಾನ್ ಪಟ್ಟಿ ಸಿಗಡಿ ಸಿಪ್ಪೆಯದ್ದು. ನಮ್ಮಲ್ಲೇ ತಯಾರಾಗುವ ಆಕ್ಸಿಯೋಸ್ಟ್ಯಾಟ್ ಪಟ್ಟಿಯೂ ಕೈಟೋಸಾನಿನದ್ದೇ. ನೀರು ತಿಳಿ ಮಾಡಲು, ಹಣ್ಣಿನ ಮೇಲೆ ಲೇಪಿಸಿ ಬಾಳಿಕೆ ಹೆಚ್ಚಿಸಲು, ಬೆಳೆಗೆ ಸಿಂಪಡಿಸಲು, ಸೌಂದರ್ಯ ಸಾಮಗ್ರಿಗೆ, ಬೊಜ್ಜು ಇಳಿಸುತ್ತದೆಂದು ಮಾರುವ ಗುಳಿಗೆಗೆ ಹೀಗೆ ಅದರ ಸಂಸಾರ ಬೆಳೆದಿದೆ. ಕೊನೆಯದರ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ.

ಭಾರತದಲ್ಲಿ ಇದಕ್ಕೆ ದಾರಿ ಮಾಡಿದ್ದು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ. 1957ರಲ್ಲಿ ಶುರುವಾದ ಈ ಸಂಸ್ಥೆ ಸಿಪ್ಪೆಯಿಂದ ಕೈಟೋಸಾನ್, ಹುರುಪೆಯಿಂದ ಕೊಲಾಜೆನ್ ಪೆಪ್ಟೈಡ್, ಗಾಳಿಚೀಲದಿಂದ ಐಸಿಂಗ್ಲಾಸ್, ಅಷ್ಟೇಕೆ, ಮೀನಿನ ಕರುಳಿನಿಂದ ಶಸ್ತ್ರಚಿಕಿತ್ಸೆಯ ದಾರವನ್ನೂ ಮಾಡಿ ತೋರಿಸಿದೆ. ಕೇರಳ ಸರ್ಕಾರದ ಮತ್ಸ್ಯಫೆಡ್ ಕೊಲ್ಲಂ ಬಳಿಯ ನೀಂಡಕರದಲ್ಲಿ ಕೈಟೋಸಾನ್ ಘಟಕವನ್ನೇ ಇಟ್ಟುಕೊಂಡಿದೆ. ಐಸಿಂಗ್ಲಾಸ್ ಎಂದರೆ ಬಿಯರ್ ತಿಳಿ ಮಾಡುವ ಅಂಟು. ಸಸ್ಯಾಹಾರಿ ಗಿರಾಕಿಗಳ ಒತ್ತಾಯಕ್ಕೆ ಗಿನ್ನೆಸ್‌ನಂಥ ಹಳೆಯ ಕಂಪನಿ ಅದನ್ನು ಕೈಬಿಡುವ ತನಕ, ಲೋಟದಲ್ಲಿ ಹೊಳೆಯುತ್ತಿದ್ದ ಬಿಯರಿನ ಹಿಂದೆ ಮೀನಿನ ಹೊಟ್ಟೆ ಇತ್ತು ಎಂಬುದು ಎಷ್ಟೋ ಕುಡಿಯುವವರಿಗೆ ಗೊತ್ತೇ ಇರಲಿಲ್ಲ.

ಈ ಕೆಲಸವನ್ನು ಒಂದು ದೇಶದ ನೀತಿಯ ಮಟ್ಟಕ್ಕೆ ಏರಿಸಿದವರು ಐಸ್‌ಲ್ಯಾಂಡಿನವರು. ಕಾಡ್ ಮೀನಿನ ಸಂಪತ್ತು ಕುಸಿದಾಗ, ಹೆಚ್ಚು ಹಿಡಿಯುವ ಬದಲು ಹಿಡಿದದ್ದರಲ್ಲಿ ಹೆಚ್ಚು ಬಳಸೋಣ ಎಂದು ಹೊರಟರು. ತಲೆ ಒಣಗಿಸಿ ನೈಜೀರಿಯಾಕ್ಕೆ ಮಾರುತ್ತಾರೆ, ಅಲ್ಲಿ ಅದು ಸಾರಿಗೆ ಬೇಕೇ ಬೇಕು. ಈಸಾಫ್ಯೋರ್ದುರ್ ಎಂಬ ಪುಟ್ಟ ಊರಿನ ಕೆರೆಸಿಸ್ ಕಂಪನಿ ಕಾಡ್ ಚರ್ಮವನ್ನು ಮಾಗದ ಗಾಯಗಳ ಮೇಲೆ ಹೊದಿಸುವ ವಸ್ತುವನ್ನಾಗಿ ಮಾಡಿತು. 2023ರಲ್ಲಿ ಡೆನ್ಮಾರ್ಕಿನ ಕೊಲೊಪ್ಲಾಸ್ಟ್ ಅದನ್ನು ನೂರು ಕೋಟಿ ಡಾಲರಿಗೂ ಮೀರಿದ ಬೆಲೆಗೆ ಕೊಂಡಿತು. ಅತ್ತ ಬ್ರೆಜಿಲಿನ ಫೋರ್ಟಲೇಜಾದಲ್ಲಿ ವೈದ್ಯರು ಸುಟ್ಟ ಗಾಯಕ್ಕೆ ತಿಲಾಪಿಯಾ ಚರ್ಮ ಹೊದಿಸಿದರು. ತಿಲಾಪಿಯಾ ಸಿಹಿನೀರಿನ ಮೀನು, ಅಗ್ಗದ ಮೀನು, ನಮ್ಮ ಕೆರೆಗಳಲ್ಲಿ ಬೇಡ ಬೇಡವೆಂದರೂ ತುಂಬಿಕೊಂಡಿರುವ ಮೀನು.

ಇದನ್ನೆಲ್ಲ ಓದಿದವರಿಗೆ ಬಸವಕಲ್ಯಾಣದಲ್ಲಿ ಡೋಹರ ಕಕ್ಕಯ್ಯನ ನೆನಪಾಗದೆ ಇರದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಅವನದು ಚರ್ಮ ಹದ ಮಾಡುವ ಕಾಯಕ. ಹರಳಯ್ಯನದು ಅದೇ ಚರ್ಮದಿಂದ ಪಾದರಕ್ಷೆ ಮಾಡುವ ಕಾಯಕ. ಊರು ಮೂಗು ಮುಚ್ಚಿ ದೂರ ಇಟ್ಟಿದ್ದ ಸತ್ತ ದನದ ಚರ್ಮವೇ ಇವರ ಕೈಯಲ್ಲಿ ಊರವರ ಕಾಲಿಗೆ ರಕ್ಷೆಯಾಗಿ ಬರುತ್ತಿತ್ತು. ಚರ್ಮ ಬೇಕು, ಹದ ಮಾಡಿದವನು ಬೇಡ ಎಂಬ ಆ ನಡವಳಿಕೆಯನ್ನು ಶರಣರು ಪ್ರಶ್ನಿಸಿದರು. ಮೀನಿನ ಬಕೆಟ್ಟಿಗೂ ಅದೇ ನಡವಳಿಕೆ. ಕೊಲಾಜೆನ್ ಪುಡಿಯ ಡಬ್ಬಿ ಸಾವಿರಾರು ರೂಪಾಯಿಗೆ ಬಿಕರಿಯಾಗುತ್ತದೆ. ಹುರುಪೆ ಕೆರೆದವರ ಹೆಸರು ಡಬ್ಬಿಯ ಮೇಲೆ ಇರುವುದಿಲ್ಲ, ಲಾಭದಲ್ಲಿ ಅವರ ಪಾಲೂ ಇರುವುದಿಲ್ಲ. ಬಾಂಗ್ಲಾದೇಶದಲ್ಲಿ ಮಾರುಕಟ್ಟೆಯ ಕತ್ತರಿಸುವವರಿಂದ ಹುರುಪೆ ಕೊಂಡು ತೊಳೆದು ಒಣಗಿಸಿ ಜಪಾನ್, ಚೀನಾಗಳಿಗೆ ಕಳಿಸುವ ವ್ಯಾಪಾರ ಬೆಳೆದಿದೆ. ಅಲ್ಲಿ ಕನಿಷ್ಠ ಪಕ್ಷ ಕತ್ತಿ ಹಿಡಿದವನ ಜೇಬಿಗೆ ಎರಡನೇ ಆದಾಯ ಬಂತು.

ಕಸಕ್ಕೆ ಬೆಲೆ ಬಂದಾಗ

ಕರಾವಳಿಯ ಕಥೆಯಲ್ಲಿ ಇಲ್ಲೊಂದು ತಿರುವು ಇದೆ. ಉತ್ಸಾಹದಿಂದ ಬರೆಯುವವರು ಇದನ್ನು ಹಾರಿಸಿ ಮುಂದೆ ಹೋಗುತ್ತಾರೆ. ಫಿಶ್‌ಮಿಲ್ ಶುರುವಾದದ್ದು ಉಳಿದದ್ದನ್ನು ಬಳಸಲು. ಆದರೆ ಕಾರ್ಖಾನೆ ಒಂದು ಸಲ ಎದ್ದು ನಿಂತರೆ ಅದಕ್ಕೆ ದಿನವೂ ಮಾಲು ಬೇಕು. ಸಾಲದ ಕಂತು ಕರುಳು, ತಲೆ ಬರುವ ತನಕ ಕಾಯುವುದಿಲ್ಲ. ಮಲ್ಪೆ, ಮಂಗಳೂರಿನ ಆಳಸಮುದ್ರ ಬೋಟುಗಳು ಹತ್ತಾರು ದಿನ ಸಮುದ್ರದಲ್ಲಿರುತ್ತವೆ. ಹಿಂದೆ ಅವು ಬಲೆಗೆ ಬಿದ್ದ ಸಣ್ಣಪುಟ್ಟ ಮೀನು, ಮರಿ, ಏಡಿ, ಹೆಸರಿಲ್ಲದ ಜೀವಿಗಳನ್ನು ನೀರಿಗೇ ಎಸೆದು ಬರುತ್ತಿದ್ದವು. ಫಿಶ್‌ಮಿಲ್ ಬೆಲೆ ಕೊಡತೊಡಗಿದ ಮೇಲೆ ಅವೂ ದಡಕ್ಕೆ ಬರತೊಡಗಿದವು. ಎಸೆಯುವುದಕ್ಕಿಂತ ತರುವುದು ಮೇಲಲ್ಲವೇ ಎಂದು ಕೇಳಬಹುದು. ಎಸೆಯುವ ಮೀನಿಗೆ ಬೆಲೆ ಇಲ್ಲದಿದ್ದಾಗ ಅದು ಬೀಳದ ಹಾಗೆ ಬಲೆ ಹಾಕುವ ಆಸೆಯಾದರೂ ಇರುತ್ತದೆ. ಬೆಲೆ ಬಂದಾಗ ಆ ಆಸೆಯೂ ಹೋಗುತ್ತದೆ. ನಾಳೆ ದೊಡ್ಡದಾಗಿ ಹತ್ತು ಪಟ್ಟು ಬೆಲೆಗೆ ಹೋಗಬೇಕಾದ ಮರಿಗಳು ಇವತ್ತೇ ಹುಡಿಯಾಗುತ್ತವೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಮಂಗಳೂರು ಬಂದರಿನಲ್ಲಿ ನಿಂತು ಈ ಮಾಲನ್ನು ವರ್ಷಗಟ್ಟಲೆ ವಿಂಗಡಿಸಿ, ತೂಗಿ, ಇದನ್ನೇ ಎಚ್ಚರಿಸುತ್ತ ಬಂದಿದ್ದಾರೆ. ಇಂತಿಷ್ಟು ಅಳತೆಗಿಂತ ಚಿಕ್ಕದನ್ನು ಹಿಡಿಯಬಾರದು ಎಂಬ ನಿಯಮವನ್ನು ಕೇರಳ 2015ರಲ್ಲಿ ತಂದಿತು, ಬಳಿಕ ಕರ್ನಾಟಕವೂ ತಂದಿತು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ರಜೆ. ಆಗಸ್ಟ್‌ನಿಂದ ಲಾರಿಗಳು ಮತ್ತೆ ಸಾಲು ನಿಲ್ಲುತ್ತವೆ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಲೆಕ್ಕದಲ್ಲಿ 2022ರಲ್ಲಿ ಜಗತ್ತಿನ ಮೀನಿನ ಹುಡಿಯಲ್ಲಿ ಮೂರನೇ ಒಂದು ಪಾಲು, ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಬಂದದ್ದು ಕತ್ತರಿಸಿ ಉಳಿದ ಭಾಗದಿಂದ. ಈ ಪಾಲು ಏರುತ್ತಿದೆ. ಆದರೂ ಹುಡಿಯ ಮೂರರಲ್ಲಿ ಎರಡು ಪಾಲು ಇನ್ನೂ ಇಡೀ ಮೀನಿನದೇ. ಹಾಗಾಗಿ ‘ತ್ಯಾಜ್ಯದಿಂದ ಸಂಪತ್ತು’ ಎಂಬ ಫಲಕ ಕಂಡಲ್ಲೆಲ್ಲ, ಹಿಂಬಾಗಿಲಿನಲ್ಲಿ ಇಳಿಯುತ್ತಿರುವುದು ತಲೆ–ಕರುಳೋ, ಇಡೀ ಮೀನೋ ಎಂದು ನೋಡಿಯೇ ಚಪ್ಪಾಳೆ ತಟ್ಟಬೇಕು.

ಈ ಪರೀಕ್ಷೆಯಲ್ಲಿ ಬಸವಕಲ್ಯಾಣದ ಬಕೆಟ್ ಮಂಗಳೂರಿನ ಲಾರಿಗಿಂತ ಮೇಲು ಎಂಬುದು ನನ್ನ ಎಣಿಕೆ. ಇಲ್ಲಿರುವುದು ನಿಜವಾಗಿಯೂ ಉಳಿದದ್ದು. ಗಿರಾಕಿಯ ಮುಂದೆಯೇ ಕತ್ತರಿಸಿದ್ದು. ಯಾವ ಮರಿ ಮೀನೂ ಇದಕ್ಕಾಗಿ ಸತ್ತಿಲ್ಲ. ಇದು ಒಂದೆರಡು ಊರಿನ ಮಾತೂ ಅಲ್ಲ. 2022–23ರಲ್ಲಿ ಭಾರತದ ಮೀನು ಉತ್ಪಾದನೆ 175 ಲಕ್ಷ ಟನ್. ಅದರಲ್ಲಿ 131 ಲಕ್ಷ ಟನ್ ಒಳನಾಡಿನದು. ನಾಲ್ಕರಲ್ಲಿ ಮೂರು ಮೀನು ಈಗ ಕೆರೆ, ಕೊಳ, ಜಲಾಶಯದ್ದು. ಮೀನಿನ ಉಳಿಕೆ ಎಂದರೆ ಸಮುದ್ರ, ಬಂದರು, ಬೋಟು ಎಂದು ಯೋಚಿಸುವುದೇ ಹಳೆಯದಾಯಿತು. ಆ ಉಳಿಕೆಯ ದೊಡ್ಡ ಪಾಲು ಊರೂರಿನ ಸಂತೆಯಲ್ಲಿ, ಒಂದೊಂದು ಅಂಗಡಿಗೆ ಒಂದೊಂದು ಬಕೆಟ್ಟಿನಂತೆ, ಚೆಲ್ಲಾಪಿಲ್ಲಿಯಾಗಿ ಬಿದ್ದಿದೆ. ಚೆಲ್ಲಾಪಿಲ್ಲಿ ಇರುವುದೇ ತೊಂದರೆ. ನೂರು ಟನ್ ಒಂದೇ ಕಡೆ ಇದ್ದರೆ ಕಾರ್ಖಾನೆಯವನು ತಾನಾಗಿ ಬರುತ್ತಾನೆ. ಇಪ್ಪತ್ತು ಕೆ.ಜಿ.ಗೆ ಯಾರೂ ಬರುವುದಿಲ್ಲ.

ಹಾಗಾದರೆ ಇಲ್ಲಿ ಏನು ಆದೀತು? ಕೈಟೋಸಾನ್ ಅಲ್ಲ. ಅದಕ್ಕೆ ಸಿಪ್ಪೆ ಇಲ್ಲ. ಇದ್ದರೂ ಟನ್ನುಗಟ್ಟಲೆ ಆಮ್ಲ, ಕಾಸ್ಟಿಕ್, ಆಮೇಲೆ ಅವೆರಡೂ ಬೆರೆತ ನೀರು. ಹುಮನಾಬಾದ್ ಕೈಗಾರಿಕಾ ಪ್ರದೇಶದ ಸುತ್ತಲಿನ ಹಳ್ಳಿಯವರಿಗೆ ರಾಸಾಯನಿಕ ಘಟಕಗಳ ವಾಸನೆ, ಕೊಳಕು ನೀರು ಎಂದರೇನೆಂದು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಅವರ ಮೇಲೆ ಇನ್ನೊಂದು ಹೊರೆ ಹೇರುವುದು ತಪ್ಪು. ಫಿಶ್‌ಮಿಲ್ಲೂ ಅಲ್ಲ. ಅದರ ಬಾಯ್ಲರ್‌ಗೆ ಬೇಕಾದಷ್ಟು ಮಾಲು ನಾಲ್ಕು ತಾಲ್ಲೂಕು ಕೂಡಿಸಿದರೂ ಹುಟ್ಟದು. ಹುರುಪೆ ಆದೀತು, ತೊಳೆದು ಬಿಸಿಲಿಗೆ ಒಣಗಿಸಿದರೆ ಕೆಡದೆ ತಿಂಗಳುಗಟ್ಟಲೆ ಇರುತ್ತದೆ, ಹಗುರ, ಚೀಲ ತುಂಬಿದಾಗ ಕಳಿಸಬಹುದು. ಬೀದರಿನ ಬಿಸಿಲು ಪುಕ್ಕಟೆ.

ಉಳಿದ ಹಸಿ ಭಾಗಕ್ಕೆ ಸೈಲೇಜ್ ಎಂಬ ಸರಳ ವಿಧಾನವಿದೆ. ಇದಕ್ಕೆ ಬೆಂಕಿ ಬೇಡ, ಕರೆಂಟು ಸ್ವಲ್ಪ ಸಾಕು. ಕರುಳು, ಕಿವಿರು, ತಲೆಯನ್ನು ಕೈಮಾ ಮಾಡುವ ಯಂತ್ರದಲ್ಲಿ ಅರೆದು ಪ್ಲಾಸ್ಟಿಕ್ ಬ್ಯಾರೆಲ್‌ಗೆ ಹಾಕಬೇಕು. ಕಬ್ಬಿಣದ ಬ್ಯಾರೆಲ್ ಆಗದು, ತಿಂದುಹೋಗುತ್ತದೆ. ನೂರು ಕೆ.ಜಿ.ಗೆ ಮೂರು–ಮೂರೂವರೆ ಕೆ.ಜಿ.ಯಷ್ಟು ಫಾರ್ಮಿಕ್ ಆಮ್ಲ ಬೆರೆಸಿ ಕಲಕಬೇಕು. ಪಿಎಚ್ ನಾಲ್ಕಕ್ಕೆ ಇಳಿದರೆ ಕೊಳೆಸುವ ಬ್ಯಾಕ್ಟೀರಿಯಾ ಬದುಕುವುದಿಲ್ಲ, ಆದರೆ ಮೀನಿನ ಹೊಟ್ಟೆಯ ಸ್ವಂತ ಕಿಣ್ವಗಳು ಕೆಲಸ ನಿಲ್ಲಿಸುವುದಿಲ್ಲ. ಬದುಕಿದ್ದಾಗ ತಿಂದದ್ದನ್ನು ಅರಗಿಸುತ್ತಿದ್ದ ಕಿಣ್ವ ಈಗ ಮೀನನ್ನೇ ಅರಗಿಸುತ್ತದೆ. ದಿನಕ್ಕೊಮ್ಮೆ ಕಲಕಿದರೆ ನಮ್ಮ ಸೆಕೆಗೆ ವಾರದ ಒಳಗೆ ಕಂದು ಗಂಜಿ. ಮೇಲೆ ಎಣ್ಣೆ ತೇಲುತ್ತದೆ, ತಳದಲ್ಲಿ ಎಲುಬು ಕೂರುತ್ತದೆ. ಕೊಳೆತ ನಾತ ಇರುವುದಿಲ್ಲ, ಹುಳಿ ವಾಸನೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಹೊಟ್ಟು, ಹಿಂಡಿ ಬೆರೆಸಿ ಒಣಗಿಸಿದರೆ ಕೋಳಿಗೆ, ಮೀನಿಗೆ ಮೇವು; ನೀರು ಬೆರೆಸಿ ತೆಳು ಮಾಡಿದರೆ ಬೆಳೆಗೆ ಸಿಂಪಡಣೆ. ಆಮ್ಲ ಚರ್ಮ ಸುಡುತ್ತದೆ, ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬಾರದು, ಅಷ್ಟು ಶಿಸ್ತು ಬೇಕು.

ಆಮ್ಲ ಬೇಡವೆನ್ನುವವರಿಗೆ ಬೆಲ್ಲದ ದಾರಿ ಇದೆ. ಕೊರಿಯಾದ ಸಹಜ ಕೃಷಿಕರಿಂದ ಬಂದು ತಮಿಳುನಾಡಿನ ಸಾವಯವ ರೈತರಲ್ಲಿ ಮನೆಮಾತಾದ ಕ್ರಮ ಅದು. ಮೀನಿನ ಉಳಿಕೆಗೆ ಸಮ ತೂಕದ ಬೆಲ್ಲ ಹಾಕಿ, ಬಾಯಿ ಕಟ್ಟಿ, ಮೂರ್ನಾಲ್ಕು ವಾರ ಇಟ್ಟರೆ ಸಿಂಪಡಣೆಯ ದ್ರಾವಣ ಸಿದ್ಧ. ಕಬ್ಬಿನ ಗದ್ದೆಗಳ, ಗಾಣಗಳ ಈ ಸೀಮೆಯಲ್ಲಿ ಬೆಲ್ಲ ಹುಡುಕಿಕೊಂಡು ಹೋಗಬೇಕಾಗಿಲ್ಲ. ಆದರೆ ಲೆಕ್ಕ ನೋಡಿದರೆ ಆಮ್ಲಕ್ಕಿಂತ ಬೆಲ್ಲವೇ ದುಬಾರಿ. ಹಿತ್ತಿಲ ಮಟ್ಟಕ್ಕೆ ಸರಿ, ಸಂತೆಯ ಮಟ್ಟಕ್ಕೆ ಭಾರ.

ಬೇಡವಾದ ಇನ್ನೊಂದು ದಾರಿಯನ್ನೂ ಹೇಳಿಬಿಡಬೇಕು, ಯಾಕೆಂದರೆ ಯಾರೂ ಏನೂ ಮಾಡದಿದ್ದರೆ ಅದೇ ತಾನಾಗಿ ಬರುತ್ತದೆ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಸರ್ಕಾರ 2000ದಲ್ಲೇ ನಿಷೇಧಿಸಿದೆ. ಆದರೂ ಕದ್ದುಮುಚ್ಚಿ ಸಾಕುವವರು ಕೋಳಿ ಅಂಗಡಿ, ಕಸಾಯಿಖಾನೆಯ ಉಳಿಕೆಯನ್ನೇ ಹಸಿಹಸಿಯಾಗಿ ಕೊಳಕ್ಕೆ ಸುರಿಯುತ್ತಾರೆ. ಅದೂ ಒಂದು ಲೆಕ್ಕದಲ್ಲಿ ಉಳಿಕೆಯ ಬಳಕೆಯೇ. ನೀರು ಕೊಳೆಯುತ್ತದೆ, ತಪ್ಪಿಸಿಕೊಂಡ ಮೀನು ಹಳ್ಳ ಸೇರಿ ನಾಟಿ ತಳಿಗಳನ್ನು ತಿಂದುಹಾಕುತ್ತದೆ.

ವಿದ್ಯೆಗೆ ಇಲ್ಲಿ ಬರ ಇಲ್ಲ. ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿ 1969ರಲ್ಲಿ ಶುರುವಾಯಿತು. 2004ರ ಕಾಯ್ದೆಯಂತೆ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದಾಗ ಆ ಕಾಲೇಜನ್ನು ಅದರ ಅಡಿಗೆ ತಂದರು. ವಿಶ್ವವಿದ್ಯಾಲಯದ ಕೇಂದ್ರ ಇರುವುದು ಬೀದರಿನಲ್ಲಿ, ಹುಮನಾಬಾದ್‌ನಿಂದ ಐವತ್ತು ಕಿಲೋಮೀಟರ್. ಸಮುದ್ರ ಕಾಣದ ಜಿಲ್ಲೆಗೆ ಮೀನಿನ ವಿಶ್ವವಿದ್ಯಾಲಯ ಕೊಟ್ಟಿದ್ದನ್ನು ಆಗ ಕರಾವಳಿಯವರು ನಕ್ಕು ಆಡಿಕೊಂಡಿದ್ದರೆ ಆಶ್ಚರ್ಯವಿಲ್ಲ. ನಾಲ್ಕರಲ್ಲಿ ಮೂರು ಪಾಲು ಮೀನು ಒಳನಾಡಿಗೆ ಬಂದಿರುವಾಗ ಆ ಆಯ್ಕೆ ಈಗ ಅಷ್ಟು ವಿಚಿತ್ರವಾಗಿ ಕಾಣುವುದಿಲ್ಲ. ಕೇಂದ್ರದ ಮತ್ಸ್ಯ ಸಂಪದ ಯೋಜನೆ 2020ರಿಂದ ಮೀನು ಮಾರುಕಟ್ಟೆ, ಕಿಯೋಸ್ಕ್, ಐಸ್ ಘಟಕ, ಮೇವಿನ ಗಿರಣಿಗೆ ಸಹಾಯಧನ ಕೊಡುತ್ತಿದೆ. ಹೊಸ ಮಾರುಕಟ್ಟೆಯ ನಕ್ಷೆಯಲ್ಲಿ ಕತ್ತರಿಸುವ ಕಟ್ಟೆ ಇರುತ್ತದೆ, ನಲ್ಲಿ ಇರುತ್ತದೆ, ಹೆಂಚು ಹೊದಿಸಿದ ಗೋಡೆ ಇರುತ್ತದೆ. ಅದೇ ನಕ್ಷೆಯಲ್ಲಿ ಹಿಂಬದಿ ನೆರಳಿಗೆ ಅರೆಯುವ ಒಂದು ಯಂತ್ರ, ನಾಲ್ಕು ಬ್ಯಾರೆಲ್ ಇಡುವ ಜಾಗ ಸೇರಿಸಲು ದೊಡ್ಡ ವಿಜ್ಞಾನ ಬೇಕಾಗಿಲ್ಲ.

ಗಡಿಯಾರ ಮಾತ್ರ ಕಾಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹೊಟ್ಟೆಯಿಂದ ಹೊರಬಿದ್ದ ಕರುಳು ಒಂದೆರಡು ಗಂಟೆಯಲ್ಲಿ ಕೆಟ್ಟು ನಿಲ್ಲುತ್ತದೆ, ಆಮೇಲೆ ಆಮ್ಲ ಹಾಕಿದರೂ ನೊಣ ಬಿಡುವುದಿಲ್ಲ. ಮಧ್ಯಾಹ್ನದ ಒಳಗೆ ಬಕೆಟ್ ಬ್ಯಾರೆಲ್‌ಗೆ ಬೀಳಬೇಕು, ಅಂದರೆ ಅದನ್ನು ಎತ್ತಿಕೊಂಡು ಹೋಗುವ ಒಬ್ಬ ಮನುಷ್ಯ ಬೇಕು, ಅವನಿಗೆ ಕೂಲಿ ಬೇಕು. ಕೂಲಿ ಕೊಡುವವರು ಯಾರು ಎಂಬಲ್ಲಿಗೆ ಬಂದು ಇಂಥ ಯೋಜನೆಗಳು ನಿಂತುಬಿಡುತ್ತವೆ. ನನ್ನನ್ನು ಕೇಳಿದರೆ, ಅದು ನಗರಸಭೆಯ ಕಸದ ಟೆಂಡರಿನ ಒಂದು ಸಾಲಾಗಬಾರದು. ಕಾರಂಜಾ, ಚುಳಕಿನಾಲಾದಲ್ಲಿ ಬಲೆ ಬೀಸುವ ಟೋಕರೆ ಕೋಳಿ, ಕಬ್ಬಲಿಗ ಕುಟುಂಬಗಳ ಮೀನುಗಾರರ ಸಹಕಾರ ಸಂಘಗಳಿಗೇ ಬಕೆಟ್ ಸೇರಬೇಕು, ಅದರಿಂದ ಆಗುವ ಮಾಲೂ ಅವರದ್ದಾಗಬೇಕು. ಸಂಘ ಜಲಾಶಯಕ್ಕೆ ಬಿಡುವ ಮೀನುಮರಿಯನ್ನು ಮೊದಲು ಕೊಳದಲ್ಲಿ ಮೇಯಿಸಿ ದೊಡ್ಡದು ಮಾಡುವಾಗ ಮೇವು ಕೊಂಡೇ ತರುತ್ತದೆ. ಮೀನಿನ ದ್ರಾವಣದ ಬಾಟಲಿಗಳು ಗೊಬ್ಬರದಂಗಡಿಯಲ್ಲಿ ಈಗಾಗಲೇ ಬಣ್ಣದ ಚೀಟಿ ಅಂಟಿಸಿಕೊಂಡು ಕೂತಿವೆ. ಎಲ್ಲಿಯದೋ ಮೀನು, ಎಲ್ಲಿಯದೋ ಕಂಪನಿ. ಅದನ್ನು ಕೊಂಡು ಸೋಯಾಕ್ಕೆ ಸಿಂಪಡಿಸುವ ರೈತ ಬೆಳಿಗ್ಗೆ ಮೀನು ಕೊಂಡ ಅಂಗಡಿಯೂ, ಈ ಬಾಟಲಿಯ ಅಂಗಡಿಯೂ ಎಷ್ಟೋ ಸಲ ಒಂದೇ ಬಜಾರಿನಲ್ಲಿ ಇರುತ್ತವೆ.